ಕೆಮ್ಮು ನಿಂತಾಗ ನಕ್ಕಿದ್ದೆವು

ಮಧ್ಯಾಹ್ನ ಒಂದೂವರೆಯಿಂದ ಎರಡರವರೆಗೆ ಅವ್ವ ನನ್ನನ್ನು ನೆನೆಸಿಕೊಳ್ಳುತ್ತಿರಲಿಲ್ಲ. ಹನೂರಿನ ಕಚೇರಿಯಲ್ಲಿ ನಾನು ಊಟದ ಡಬ್ಬಿ ತೆರೆಯುವ ಹೊತ್ತು ಅದು. ಅಕ್ಕ ತೀರಿಕೊಂಡ ಹದಿನೈದು ದಿನಕ್ಕೆ ಅವ್ವ ಫೋನ್ ಮಾಡಿ ಕೇಳಿದ್ದಳು: "ನೀನು ಉಣ್ಣಾದು ಎಷ್ಟೊತ್ಗೆ? ಸರ್ಯಾಗ್ ಏಳು." ಹೇಳಿದೆ. ಯಾಕೆ ಎಂದು ಕೇಳುವ ಮೊದಲೇ ಇಟ್ಟುಬಿಟ್ಟಳು. ಆ ಅರ್ಧ ಗಂಟೆ ಅವಳು ಕೊಳ್ಳೇಗಾಲದ ಮನೆಯ ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಸಣ್ಣ ಕಡ್ಡಿಗಳಿಗೆ ರೇಷ್ಮೆ ಎಳೆ ಸುತ್ತುತ್ತಿದ್ದಳು. ಸುತ್ತು ಸುತ್ತಿಗೂ ಬಾಯಲ್ಲಿ ಎಣಿಸುತ್ತಿದ್ದಳು. ಎಣಿಸುತ್ತಿದ್ದರೆ ಯಾರೂ ಮನಸ್ಸಿಗೆ ಬರುವುದಿಲ್ಲವಂತೆ. ಭಾವ ಹೇಳಿದ ಮೇಲೆ ನನಗೆ ಗೊತ್ತಾಯಿತು.

ಊಟದ ನಡುವೆ ಯಾರಿಗಾದರೂ ನೆತ್ತಿಗೆ ಹತ್ತಿದರೆ, ಎಲ್ಲೋ ಯಾರೋ ಅವರನ್ನು ನೆನೆಸಿಕೊಂಡಿದ್ದಾರೆ ಎನ್ನುವುದು ನಮ್ಮ ಕಡೆ ಎಲ್ಲರ ಮನೆಯ ಮಾತು. ನೆತ್ತಿಯ ಮೇಲೆ ತಟ್ಟುತ್ತೇವೆ, ನೀರು ಕೊಡುತ್ತೇವೆ, ಒಬ್ಬೊಬ್ಬರ ಹೆಸರಾಗಿ ಹೇಳುತ್ತಾ ಹೋಗುತ್ತೇವೆ. ಯಾರ ಹೆಸರಿಗೆ ಕೆಮ್ಮು ನಿಲ್ಲುತ್ತದೋ ನೆನೆಸಿಕೊಂಡವರು ಅವರೇ. ತಾನು ನೆನೆಸಿಕೊಂಡದ್ದರಿಂದಲೇ ಅಕ್ಕ ಸತ್ತಳು ಎಂದು ಅವ್ವ ನಂಬಿದ್ದಳು. ಹಾಗೆ ನಂಬುವುದಕ್ಕೆ ಕಾರಣ ಕೊಟ್ಟವಳು ನಾನು. ಅದು ನಿಜವಲ್ಲ ಎಂದು ಗೊತ್ತಿದ್ದವಳೂ ನಾನೊಬ್ಬಳೇ. ಐದು ತಿಂಗಳು ನಾನು ಬಾಯಿ ಬಿಡಲಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಏಳನೇ ತರಗತಿ ಮುಗಿಸಿ ಮಗ್ಗದ ಕುಣಿಗೆ ಕಾಲು ಇಳಿಬಿಟ್ಟವಳು ಮತ್ತೆ ಸ್ಲೇಟು ಹಿಡಿಯಲಿಲ್ಲ. ಮದುವೆಯಾದ ಮೇಲೆ ಭಾವ ನಮ್ಮ ಮನೆಗೇ ಬಂದರು. ಗಂಡನದೊಂದು ಮಗ್ಗ, ಹೆಂಡತಿಯದೊಂದು. ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸಿನಿಂದ ಕೊನೆಯ ಸೀರೆ ಇಳಿದ ಮೇಲೆ, ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಲ್ಲಿ ಹೊಸೆದು ಸೇರಿಸಬೇಕು. ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ. ಅದಕ್ಕೆ ಕೈ ಪಳಗಿದವರು ಬೇರೆಯೇ ಇರುತ್ತಾರೆ. ಅವರು ಬಂದು ಕೂತ ದಿನ ನೇಯುವವರಿಗೆ ಮಗ್ಗದ ಕೆಲಸವಿಲ್ಲ. ಬೇರೆ ಮನೆಯ ಹೆಂಗಸರು ಆ ದಿನ ಕಂಬಳಿ ಒಗೆಯುತ್ತಾರೆ, ಇಲ್ಲವೇ ತವರಿಗೆ ಹೋಗಿ ಬರುತ್ತಾರೆ. ನಮ್ಮಕ್ಕ ಉಣ್ಣಲು ಹೋಗುತ್ತಿದ್ದಳು.

ಒಂದು ಹಾಸು ಮುಗಿದರೆ ಒಂದೂರು. ಹನೂರಿಗೆ ನನ್ನ ರೂಮಿಗೆಂದು ಬಂದವಳು ನನ್ನ ರೂಮು ನೋಡಿದ್ದು ಐದು ನಿಮಿಷ, ಬಿರಿಯಾನಿ ಅಂಗಡಿಯಲ್ಲಿ ಕೂತಿದ್ದು ಒಂದೂವರೆ ಗಂಟೆ. ಬೆಟ್ಟಕ್ಕೆ ಹೊರಟ ಬಸ್ಸಿನಿಂದ ಅಜ್ಜೀಪುರದಲ್ಲೇ ಇಳಿದು, ಮೆಣಸಿನಕಾಯಿ ಬಜ್ಜಿ ತಿಂದು, ದೇವರಿಗೆ ಅಲ್ಲಿಂದಲೇ ಕೈಮುಗಿದು ಹಿಂದಿರುಗಿದ್ದೂ ಉಂಟು. ಅವ್ವ ಪ್ರತಿ ಸಲ ಬೈಯುತ್ತಿದ್ದಳು. "ಮನ್ಲೇನು ಮಟನ್ ಬೇಯಾಕಿಲ್ವಾ?" ಅಕ್ಕ ಸೀರೆಯ ನೆರಿಗೆ ಸಿಕ್ಕಿಸಿಕೊಳ್ಳುತ್ತಲೇ ಉತ್ತರ ಕೊಡುತ್ತಿದ್ದಳು. "ನಾನೇ ಬೇಯ್ಸಿ ನಾನೇ ಉಂಡ್ರೆ ಅದು ಊಟ ಅಲ್ಲ ಕಣವ್ವ, ಕೆಲ್ಸ."

ಆ ಭಾನುವಾರ ಯಳಂದೂರು. ಇಪ್ಪತ್ತು ಕಿಲೋಮೀಟರು ದೂರದ ಊರು, ಬಸ್ಸಿನ ಕಿಟಕಿಯಿಂದ ಎಷ್ಟೋ ಸಲ ನೋಡಿದ್ದು, ಇಳಿದು ನೋಡಿರಲಿಲ್ಲ. ಅಲ್ಲಿಯ ಒಂದು ಮೆಸ್ಸಿನಲ್ಲಿ ಕುರಿಯ ಕರುಳಿನಿಂದ ಮಾಡುವ ಬೋಟಿ ಗೊಜ್ಜಿನ ಬಗ್ಗೆ ಕೆಚ್ಚಲು ಬರುವವನು ಅಕ್ಕನಿಗೆ ಹೇಳಿದ್ದನಂತೆ. ನಾನು ಹಿಂದಿನ ದಿನವೇ ಹನೂರಿನಿಂದ ಬಂದಿದ್ದೆ. ಬೆಳಿಗ್ಗೆ ಹೊರಟಾಗ ಅವ್ವ ಹೊಸಿಲಲ್ಲಿ ನಿಂತು, "ಒಟ್ಟೆ ಕಟ್ಕಂಡ್ ಊರೂರು ತಿರ್ಗು. ನಿಂಗೊಬ್ಳು ಜೊತೆ ಸಿಕ್ಕವ್ಳೆ," ಎಂದಳು. ಅಕ್ಕ, "ನಿಂಗೂ ಒಂದ್ ಪಾರ್ಸಲ್ ತರ್ತೀನಿ ಬುಡು," ಎಂದಳು. "ಬ್ಯಾಡ. ಬೋಟಿ ಅಗಿಯಾಕೆ ನಂಗ್ ಬಾಯಲ್ ಅಲ್ಲಿಲ್ಲ," ಎಂದು ಅವ್ವ ಒಳಗೆ ಹೋದಳು. ತಾಯಿ ಮಗಳ ನಡುವೆ ಅದೇ ಕೊನೆಯ ಮಾತು.

ದಿನದ ಕ್ರಮವನ್ನು ಅಕ್ಕ ಬಸ್ಸಿನಲ್ಲೇ ಗೊತ್ತು ಮಾಡಿದ್ದಳು. ಮೊದಲು ಇಡ್ಲಿ, ಆಮೇಲೆ ದೇವರು, ಆಮೇಲೆ ಮಾಂಸ. ದೇವರನ್ನು ಮಾಂಸದ ಹಿಂದೆ ಇಟ್ಟರೆ ಪಾಪ, ಇಡ್ಲಿಯ ಹಿಂದೆ ಇಟ್ಟರೆ ಏನೂ ಇಲ್ಲ ಎಂಬುದು ಅವಳ ತೀರ್ಮಾನ. ಇಡ್ಲಿಗೆ ಕೊಟ್ಟ ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡು, ಹುರಿಗಡಲೆ ಜಾಸ್ತಿಯಾಯಿತು ಎಂದು ದೂರಿದಳು.

ಗೌರೀಶ್ವರನ ಗುಡಿಯ ಮುಂದಿನ ಬಳೆ ಮಂಟಪದಲ್ಲಿ ಅವಳು ಬಹಳ ಹೊತ್ತು ನಿಂತಳು. ಕಲ್ಲಿನ ಬಳೆಗಳನ್ನು ಒಂದರೊಳಗೊಂದು ಕೋದ ಹಾಗೆ ಸರಪಳಿಯಾಗಿ ಕೆತ್ತಿದ್ದಾರೆ. ಅಕ್ಕ ಕತ್ತು ಎತ್ತಿ ಒಂದೊಂದು ಬಳೆಯನ್ನೂ ನೋಡಿದಳು. "ಎಲ್ಲೂ ಗಂಟೇ ಇಲ್ವಲ್ಲೇ." ಕಂಬದ ಮೇಲಿನ ಬಳ್ಳಿಯೊಂದನ್ನು ಬೆರಳಲ್ಲಿ ತಡವಿ, ಇದನ್ನು ಸೀರೆಯ ಅಂಚಿಗೆ ತರಬಹುದು, ಫೋಟೋ ಹೊಡಿ ಎಂದಳು. "ಯಾವ್ ಕಾಲದ್ದೇ ಇದು?" ನಾನು ಬೋರ್ಡು ಎಲ್ಲಿದೆ ಎಂದು ಸುತ್ತ ನೋಡಿದೆ. ಅವಳು ನಕ್ಕಳು. "ಓದ್ದೋರ್ಗೆ ಎಲ್ಲಕ್ಕೂ ಬೋರ್ಡ್ ಬೇಕು."

ಒಂದು ಗಂಟೆಗೆ ಮೆಸ್ಸಿಗೆ ಹೋದೆವು. ಮನೆಯ ಮುಂಭಾಗವನ್ನೇ ಹೋಟೆಲು ಮಾಡಿದ್ದರು. ನಾಲ್ಕು ಮೇಜು, ಗೋಡೆಗೆ ಒತ್ತಿ ಹಾಕಿದ ಬೆಂಚು. ಅಕ್ಕ ಗೋಡೆಯ ಕಡೆ ಸರಿದು ಕೂತಳು, ನಾನು ಎದುರಿಗೆ. ಪಕ್ಕದ ಮೇಜಿನಲ್ಲಿ ಮೂವರು ಗಂಡಸರು ಉಣ್ಣುತ್ತಿದ್ದರು. ಬಡಿಸುತ್ತಿದ್ದವಳು ಯಜಮಾನಿಯೇ, ಅವ್ವನಿಗಿಂತ ಸ್ವಲ್ಪ ಚಿಕ್ಕವಳು.

"ಎಲ್ಲಿಂದ ಬಂದ್ರವ್ವ? ಕೊಳ್ಳೇಗಾಲ್ದಿಂದ್ಲಾ? ಪಟ್ಟೆ ಸೀರೆಯೋರು ಅನ್ನಿ."

"ನೇಯೋರು ಪಟ್ಟೆ ಸೀರೆ ಉಡಾಕಾಯ್ತದಾ? ಇದು ನೈಲಾನು," ಎಂದು ಅಕ್ಕ ಸೆರಗು ಎತ್ತಿ ತೋರಿಸಿದಳು. ಯಜಮಾನಿ ನಗುತ್ತಾ ಬಿಸಿ ಮುದ್ದೆ ಇಟ್ಟಳು. ಪಕ್ಕದಲ್ಲಿ ಬೋಟಿ ಗೊಜ್ಜು, ಒಂದು ಬಟ್ಟಲಲ್ಲಿ ಮೂಳೆ ಸಾರು.

ನಾನು ಮುದ್ದೆಯನ್ನು ಅಗಿಯುತ್ತಿದ್ದೆ. ಊರಲ್ಲಿ ಹಾಗೆ ಅಗಿದರೆ ಮಕ್ಕಳಿಗೂ ಬೈಗುಳ. ಮುದ್ದೆಯನ್ನು ಮುರಿದು ಸಾರಲ್ಲಿ ಅದ್ದಿ ನುಂಗಬೇಕು, ಹಲ್ಲಿಗೆ ತಾಕಿಸಬಾರದು. ಅಕ್ಕ ಯಜಮಾನಿಗೆ ನನ್ನನ್ನು ತೋರಿಸಿ, "ನಮ್ ತಂಗಿ ನೋಡವ್ವ. ಕಾಲೇಜ್ಗೋಗಿ ಮುದ್ದೆ ಅಗಿಯಾದ್ ಕಲ್ತ್ಕಂಡ್ ಬಂದವ್ಳೆ," ಎಂದಳು. ಪಕ್ಕದ ಮೇಜಿನ ಗಂಡಸರೂ ನಕ್ಕರು. ಅಕ್ಕ ದೊಡ್ಡ ತುತ್ತು ಮುರಿದು, ಅದರೊಳಗೆ ಬೋಟಿಯ ಒಂದು ಚೂರು ಒತ್ತಿ, ಗೊಜ್ಜಲ್ಲಿ ಹೊರಳಿಸಿ ಬಾಯಿಗೆ ಹಾಕಿಕೊಂಡಳು. ನುಂಗುವಾಗಲೂ ನಗುತ್ತಿದ್ದಳು.

ಕೆಮ್ಮು ಬಂತು. ಜೋರಾದ ಕೆಮ್ಮು. ಅವಳು ಎಡಗೈಯಿಂದ ಬಾಯಿ ಮುಚ್ಚಿಕೊಂಡಳು.

ಯಜಮಾನಿ ಸೌಟು ಕೆಳಗಿಟ್ಟು ಬಂದು ಅಕ್ಕನ ನೆತ್ತಿ ತಟ್ಟಿದಳು. "ಯಾರೋ ನೆನೆಸ್ಕತಾವ್ರೆ ನಿಮ್ಮಕ್ಕನ್ನ. ಯಾರು ಏಳವ್ವ."

"ಇನ್ಯಾರು, ಭಾವನೇ," ಎಂದೆ. ಕೆಮ್ಮು ನಿಲ್ಲಲಿಲ್ಲ. "ಅವ್ರಲ್ಲ ಬುಡಿ, ಅವ್ರು ಮಲ್ಗಿರ್ತಾರೆ. ಕೆಚ್ಚಕ್ ಬಂದೋನು. ಎಳೆ ಸಿಕ್ಕಾಕ್ಕಂಡು ಬೈಕತಾವ್ನೆ." ಮತ್ತೆ ಕೆಮ್ಮು. ಅಕ್ಕನ ಕಣ್ಣಲ್ಲಿ ನೀರು. ಅದು ನಗುವಿನ ನೀರು ಎಂದುಕೊಂಡೆ. "ಮಾಂಬಳ್ಳಿ ಗೆಳತಿ. ಬಸ್ಸು ಅಲ್ಲೇ ಬಂದ್ರೂ ಇಳೀನಿಲ್ಲ ಅಂತ." ಪಕ್ಕದ ಗಂಡಸರಲ್ಲೊಬ್ಬ, "ಸೀರೆ ಸಾವ್ಕಾರ ಇರ್ಬೋದು ನೋಡ್ರವ್ವ, ಇನ್ನೂ ಸೀರೆ ಬರ್ನಿಲ್ಲ ಅಂತ," ಎಂದ. ಅಕ್ಕ ಕೈಯಾಡಿಸಿದಳು. ಅಲ್ಲ ಎನ್ನುತ್ತಿದ್ದಾಳೆ ಎಂದು ನಾವು ತಿಳಿದೆವು.

"ಗೊತ್ತಾಯ್ತು ಬುಡು. ಅವ್ವ," ಎಂದೆ.

ಕೆಮ್ಮು ನಿಂತಿತು.

ಆ ಮಾತಿಗೇ ನಿಂತಿತು. ಯಜಮಾನಿ ಕೈ ತಟ್ಟಿ, "ನೋಡ್ದಾ, ಎತ್ತವ್ವನೇ," ಎಂದಳು. ನಾವೆಲ್ಲರೂ ನಕ್ಕೆವು. ನಾನು ತಲೆ ಬಗ್ಗಿಸಿ ನನ್ನ ತಟ್ಟೆಯ ಮುದ್ದೆ ಮುರಿದೆ. ಒಂದು ತುತ್ತು ತಿಂದೆ ಕೂಡ. "ಬೋಟಿ ಬ್ಯಾಡ ಅಂದ್ಬುಟ್ಟು ಈಗ ಬಾಯಲ್ ನೀರ್ ಸುರಿಸ್ತಾವ್ಳೆ ನಿಮ್ಮವ್ವ," ಎಂದು ಅಕ್ಕನ ಮುಖ ನೋಡದೆಯೇ ಹೇಳಿದೆ. ಉತ್ತರ ಬರಲಿಲ್ಲ. ಅಕ್ಕ ಮಾತಿಗೆ ಉತ್ತರ ಕೊಡದೇ ಇದ್ದವಳಲ್ಲ.

ತಲೆ ಎತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದಿತ್ತು. ಎರಡು ಕೈಯೂ ಮೇಜಿನ ಅಂಚನ್ನು ಹಿಡಿದಿದ್ದವು. ಯಜಮಾನಿ ನೀರಿನ ಲೋಟ ಬಾಯಿಗೆ ಹಿಡಿದಳು. ನೀರು ಒಳಗೆ ಹೋಗದೆ ಗಲ್ಲದ ಮೇಲೆ ಇಳಿಯಿತು. ಅವಳ ತುಟಿಗೆ ಬರಬಾರದ ಬಣ್ಣ ಬರುತ್ತಿತ್ತು.

ಬಿ.ಎಸ್ಸಿ. ಓದುವಾಗ ಕಾಲೇಜಿನ ಶಿಬಿರವೊಂದರಲ್ಲಿ ನನಗೆ ಇದನ್ನು ಹೇಳಿಕೊಟ್ಟಿದ್ದರು. ಕೆಮ್ಮುತ್ತಿದ್ದರೆ ಗಾಳಿ ಇನ್ನೂ ಆಡುತ್ತಿದೆ, ಕೆಮ್ಮಲು ಬಿಡಿ. ಕೆಮ್ಮು ನಿಂತು ಮಾತೂ ಬರದಿದ್ದರೆ ಗಂಟಲು ಪೂರ್ತಿ ಮುಚ್ಚಿದೆ, ಕಾಯಬೇಡಿ, ನೀರು ಕೊಡಬೇಡಿ. ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಬಲವಾಗಿ ಹೊಡೆಯಿರಿ, ಆಗದಿದ್ದರೆ ಹಿಂದೆ ನಿಂತು ಹೊಟ್ಟೆಯನ್ನು ಒಳಕ್ಕೂ ಮೇಲಕ್ಕೂ ಒತ್ತಿ. ನಾವು ಹುಡುಗಿಯರು ಒಬ್ಬರನ್ನೊಬ್ಬರು ಹಿಂದಿನಿಂದ ತಬ್ಬಿ ಅಭ್ಯಾಸ ಮಾಡಿದ್ದೆವು. ಪ್ರಮಾಣಪತ್ರ ಕೊಟ್ಟಿದ್ದರು. ಮೆಸ್ಸಿನಲ್ಲಿ ಅದೆಲ್ಲ ನನಗೆ ನೆನಪಾದದ್ದು ಅವಳ ತುಟಿ ನೋಡಿದ ಮೇಲೆ.

ಎದ್ದೆ. ಅವಳು ಗೋಡೆಗೂ ಮೇಜಿಗೂ ನಡುವೆ ಸಿಕ್ಕಿಕೊಂಡಿದ್ದಳು. ಹಿಂದೆ ಹೋಗಲು ಜಾಗವಿರಲಿಲ್ಲ. ಮೇಜು ಎಳೆಯಿರಿ ಎಂದು ನಾನು ಹೇಳಿದ್ದು ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಗಂಡಸರು ಎದ್ದು ಮೇಜು ಎಳೆಯುವಾಗ ಸಾರಿನ ಬಟ್ಟಲು ಮಗುಚಿತು. ಅಷ್ಟರಲ್ಲಿ ಅಕ್ಕ ಬೆಂಚಿನ ಮೇಲೆ ಪಕ್ಕಕ್ಕೆ ವಾಲಿದ್ದಳು. ಬೆನ್ನಿಗೆ ಹೊಡೆದೆ. ಎತ್ತಿ ನಿಲ್ಲಿಸಲು ನೋಡಿದೆ, ಅವಳ ಭಾರ ನನ್ನ ತೋಳಿಗೆ ನಿಲ್ಲಲಿಲ್ಲ. ಒತ್ತಿದೆ. ಎಲ್ಲಿ ಒತ್ತಿದೆನೋ, ಸರಿಯಾದ ಜಾಗವೋ ಅಲ್ಲವೋ, ಇವತ್ತಿಗೂ ಗೊತ್ತಿಲ್ಲ. ಯಾರೋ ಆಟೋ ತಂದರು. ಆಸ್ಪತ್ರೆ ದೂರವಿರಲಿಲ್ಲ. ಭಾನುವಾರವಾದರೂ ಡಾಕ್ಟರು ಇದ್ದರು, ನರ್ಸೂ ಇದ್ದರು, ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು. "ಎಷ್ಟು ಹೊತ್ತಾಯ್ತು?" ಎಂದು ಡಾಕ್ಟರು ಕೇಳಿದ್ದಕ್ಕೆ ನಾನು, "ಈಗ ತಾನೇ ಸಾರ್," ಎಂದೆ.

ಎಷ್ಟು ಹೊತ್ತಾಗಿತ್ತು ಎನ್ನುವುದನ್ನು ಆಮೇಲೆ ನಾನು ಅಳೆದಿದ್ದೇನೆ. ಹನೂರಿನ ರೂಮಿನಲ್ಲಿ ಮೊಬೈಲಿನ ಗಡಿಯಾರ ಮುಂದಿಟ್ಟುಕೊಂಡು, ಆ ಹೆಸರುಗಳನ್ನು ಅದೇ ಧಾಟಿಯಲ್ಲಿ ಹೇಳಿದ್ದೇನೆ. ಭಾವ. ಕೆಚ್ಚಲು ಬಂದವನು. ಮಾಂಬಳ್ಳಿ ಗೆಳತಿ. ಸಾಹುಕಾರ. ಅಲ್ಲಿಯವರೆಗಿನದು ಲೆಕ್ಕಕ್ಕಿಲ್ಲ, ಆಗ ಅವಳು ಕೆಮ್ಮುತ್ತಿದ್ದಳು. ಅವ್ವ ಎಂದ ಮೇಲಿನದನ್ನು ಅಳೆಯುತ್ತೇನೆ. ನಗು. ತಟ್ಟೆಗೆ ಬಗ್ಗಿದ್ದು. ಮುದ್ದೆ ಮುರಿದದ್ದು. ಈ ಸಲ ಅದನ್ನು ಅಗಿಯದೆ ನುಂಗಿದೆನೋ, ಅಗಿದೆನೋ? ಅಗಿದಿದ್ದರೆ ಇನ್ನೂ ಸ್ವಲ್ಪ ಹೊತ್ತು ಸೇರಿಸಬೇಕು. ಬೋಟಿಯ ಮಾತು. ಪ್ರತಿ ಸಲವೂ ಬೇರೆ ಬೇರೆ ಬರುತ್ತದೆ. ಯಾವ ಸಲವೂ ಒಂದು ನಿಮಿಷಕ್ಕಿಂತ ಕಡಿಮೆ ಬಂದಿಲ್ಲ. ಅಷ್ಟೂ ಹೊತ್ತು ಅವಳು ಕಾಲು ನೆಲಕ್ಕೆ ಊರಿ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಎತ್ತುವ ತ್ರಾಸವೂ ನನಗಿಲ್ಲದಂತೆ ಕೂತಿದ್ದಳು.

ಸಂಜೆ ಅವಳನ್ನು ಮನೆಗೆ ತಂದಾಗ ಮಗ್ಗದ ಮೇಲೆ ಕೆಚ್ಚುವ ಕೆಲಸ ಅರ್ಧಕ್ಕೆ ನಿಂತಿತ್ತು. ಪಡಸಾಲೆಯ ತುಂಬ ಜನ. ಯಾರೋ ಹೆಂಗಸು ನನ್ನ ಭುಜ ಹಿಡಿದು, "ಎಂಗಾಯ್ತವ್ವ? ಕೊನೇಲಿ ಏನಾರ ಅಂದ್ಲಾ?" ಎಂದು ಕೇಳಿದಳು. ನಾನು ಅವ್ವನ ಮುಖ ನೋಡಿದೆ. ಅವ್ವನಿಗೆ ಏನಾದರೂ ಕೊಡಬೇಕು ಎನ್ನಿಸಿತು. ಕೊನೆಯಲ್ಲಿ ಅವಳ ಹೆಸರೇ ಇತ್ತು ಎಂದರೆ ಸಮಾಧಾನವಾದೀತು ಎಂದುಕೊಂಡೆ. "ನೆತ್ತಿಗತ್ತಿತು. ಯಾರ್ಯಾರ್ದೋ ಎಸ್ರು ಏಳ್ದೋ, ನಿಲ್ನಿಲ್ಲ. ಅವ್ವ ಅಂದ ತಕ್ಷಣ ನಿಂತೋಯ್ತು," ಎಂದೆ.

ಅವ್ವ ಅಳುವುದನ್ನು ನಿಲ್ಲಿಸಿದಳು.

"ಎಷ್ಟೊತ್ಗೆ?"

"ಒಂದೂವರೆ."

"ನಾನೇ," ಎಂದಳು ಅವ್ವ. "ಒಂದೂವರೇಲಿ ನಾನೇ ನೆನೆಸ್ಕಂಡೆ. ತಟ್ಟೆ ಮುಂದ್ ಕೂತ್ಕಂಡು, ನಾವಿಲ್ಲಿ ತಂಗ್ಳು ತಿನ್ಬೇಕು ಅವ್ಳಲ್ಲಿ ಬೋಟಿ ತಿಂತಾವ್ಳೆ ಅಂತ ಬೈಕಂಡೆ. ಬೈಕಂಡ್ ನೆನೆಸ್ಕಂಡೆ." ಸುತ್ತ ಕೂತಿದ್ದವರು ಬುಡವ್ವ, ಅಂಗೆಲ್ಲ ಅನ್ಬೇಡ ಎಂದರು. ಆದರೆ ಯಾರೂ ಅಲ್ಲ ಎನ್ನಲಿಲ್ಲ. ಆ ಮಾತನ್ನು ಅಲ್ಲಿ ಕೂತಿದ್ದ ಎಲ್ಲರೂ ನಂಬಿಯೇ ಬೆಳೆದವರು. ನಾನೂ ಏನೂ ಹೇಳಲಿಲ್ಲ. ಹೇಳಿದರೆ ಮುಂದಿನ ಪ್ರಶ್ನೆ ನನ್ನ ಕಡೆ ತಿರುಗುತ್ತಿತ್ತು.

ಅಂದಿನಿಂದ ಅವ್ವ ನೆನೆಯುವುದನ್ನು ಕಟ್ಟುನಿಟ್ಟಾಗಿ ಕಡಿಮೆ ಮಾಡುತ್ತಾ ಬಂದಳು. ನನ್ನ ಊಟದ ಹೊತ್ತು ಕೇಳಿದ ಹಾಗೆಯೇ ಅಕ್ಕನ ಮಗಳ ಊಟದ ಹೊತ್ತನ್ನೂ ಕೇಳಿದಳು. ಅವಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಒಂದು ದಿನ ಎಂಟಕ್ಕೆ ಉಣ್ಣುತ್ತಾಳೆ, ಒಂದು ದಿನ ಹತ್ತಕ್ಕೆ, ನಡುವೆ ಬಿಸ್ಕತ್ತು, ಹಣ್ಣು. ಹುಡುಗಿಯ ಹೊತ್ತು ಗೊತ್ತಾಗದ ಕಾರಣ ಅವ್ವ ಅವಳನ್ನು ಯಾವ ಹೊತ್ತಿನಲ್ಲೂ ನೆನೆಯದೇ ಇರಲು ತೀರ್ಮಾನಿಸಿದಳು. ಫೋನ್ ಮಾಡುವುದು ಬಿಟ್ಟಳು. ಅವಳೇ ಮಾಡಿದರೆ, "ಚೆನ್ನಾಗಿದ್ದೀಯಲ್ಲ, ಇಡು," ಎನ್ನುತ್ತಿದ್ದಳು. ಹುಡುಗಿಯ ಬಟ್ಟೆಯ ಪೆಟ್ಟಿಗೆಯನ್ನು ಭಾವನ ಕೈಯಲ್ಲಿ ಅಟ್ಟಕ್ಕೆ ಏರಿಸಿದಳು, ಕಣ್ಣಿಗೆ ಬೀಳದಿರಲಿ ಎಂದು.

ತಾಯಿ ಹೋಗಿ ಐದು ತಿಂಗಳಾಗಿದ್ದ ಆ ಹುಡುಗಿ ನನಗೆ ಫೋನ್ ಮಾಡಿ, "ಅಜ್ಜಿಗೆ ನನ್ ಮೇಲ್ ಕೋಪನಾ ಚಿಕ್ಕಿ?" ಎಂದಳು. "ಅವತ್ತು ಬೇಗ ಬರ್ಲಿಲ್ಲ ಅಂತಾನಾ? ಬಸ್ ಸಿಕ್ಲಿಲ್ಲ ಚಿಕ್ಕಿ, ನಿಜವಾಗ್ಲೂ." ನಾನು ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ನಿಂತಿದ್ದೆ. ಇಲ್ಲ ಎಂದೆ. ಹಾಗಾದರೆ ಯಾಕೆ ಎಂದಳು. ಅವಳಿಗೆ ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ, ಅದನ್ನು ಮೊದಲು ಕೇಳಬೇಕಾದವಳು ಅವ್ವ.

ಮುಂದಿನ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋದೆ. ಭಾವ ಹೊರಗೆ ಹೋಗಿದ್ದರು. ಅವ್ವ ರಾಟೆಯ ಮುಂದಿದ್ದಳು. ನಾನು ನೆಲದ ಮೇಲೆ ಕೂತೆ.

"ಅವ್ವ, ನಿನ್ ಎಸ್ರಿಗೆ ನಿಂತಿದ್ದಲ್ಲ ಅದು. ಗಂಟ್ಲು ಪೂರ್ತಿ ಮುಚ್ಕಂಡಿತ್ತು. ಕೆಮ್ಮಾಕ್ ಉಸ್ರೇ ಇರ್ನಿಲ್ಲ, ಅದ್ಕೆ ನಿಲ್ತು. ಅವಾಗ ನಾನು ಯಾರ್ ಎಸ್ರು ಏಳಿದ್ರೂ ನಿಲ್ತಿತ್ತು."

ಅವ್ವ ರಾಟೆ ತಿರುಗಿಸುತ್ತಲೇ ಇದ್ದಳು. "ಸಮಾಧಾನ ಮಾಡಾಕ್ ಬಂದ್ಯಾ?"

"ಇಲ್ಲ. ಕಾಲೇಜ್ನಲ್ಲಿ ಏಳ್ಕೊಟ್ಟಿದ್ರು. ಕೆಮ್ಮು ನಿಂತ್ರೆ ಅಪಾಯ ಅಂತ."

ರಾಟೆ ನಿಂತಿತು. "ಯಾವಾಗ್ ಏಳ್ಕೊಟ್ಟಿದ್ರು?"

"ನಾನ್ ಓದಾವಾಗ್ಲೇ."

"ಅಂದ್ರೆ ಅವತ್ತು ನಿಂಗ್ ಗೊತ್ತಿತ್ತು."

"ಗೊತ್ತಿತ್ತು."

"ಗೊತ್ತಿದ್ದು ಏನ್ ಮಾಡ್ತಿದ್ದೆ?"

"ನಗ್ತಿದ್ದೆ ಅವ್ವ. ಆಮೇಲೆ ಒಂದ್ ತುತ್ತು ಉಂಡೆ."

ಅವ್ವ ಕೈಯಲ್ಲಿದ್ದ ಎಳೆಯನ್ನು ಹರಿಯದಂತೆ ಬಿಡಿಸಿ ಪಕ್ಕಕ್ಕೆ ಇಟ್ಟಳು. ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಏನ್ ಮಾಡ್ಬೇಕಿತ್ತು?"

"ಬೆನ್ಗೆ ಒಡೀಬೇಕು. ಅದ್ರಲ್ಲಿ ಆಗ್ನಿಲ್ಲ ಅಂದ್ರೆ ಇಂದೆ ನಿಂತ್ಕಂಡು..."

"ಬಾಯಲ್ ಏಳ್ಬೇಡ. ತೋರ್ಸು."

ಅವಳು ಮೊಣಕಾಲಿಗೆ ಕೈಯೂರಿ ಎದ್ದು ನಿಂತಳು. ನನಗೆ ಬೆನ್ನು ಮಾಡಿದಳು. ನಾನು ಹಿಂದೆ ನಿಂತು ಅವಳ ಸೊಂಟದ ಸುತ್ತ ಕೈ ಹಾಕಿದೆ. ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಎದೆಮೂಳೆಯ ಕೆಳಗೆ, ಒಂದು ಕೈಯನ್ನು ಮುಷ್ಟಿ ಮಾಡಿ ಇಟ್ಟೆ. ಇನ್ನೊಂದು ಕೈಯಿಂದ ಆ ಮುಷ್ಟಿಯನ್ನು ಹಿಡಿದೆ. ಒತ್ತಲಿಲ್ಲ. ಹೀಗೆ ಒಳಕ್ಕೆ, ಮೇಲಕ್ಕೆ ಒತ್ತಬೇಕು, ತುತ್ತು ಹೊರಗೆ ಬರುವವರೆಗೂ, ಎಂದೆ. ಅವ್ವ ಇಷ್ಟು ಸಣ್ಣಗಾಗಿದ್ದಾಳೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಎರಡು ತೋಳೂ ಅವಳನ್ನು ಸುತ್ತಿ ಇನ್ನೂ ಉಳಿಯುತ್ತಿದ್ದವು. ಅವಳ ಉಸಿರು ನನ್ನ ಮುಷ್ಟಿಯನ್ನು ನಿಧಾನವಾಗಿ ಎತ್ತಿ ಇಳಿಸುತ್ತಿತ್ತು.

"ಇಷ್ಟೇನಾ?" ಎಂದಳು ಅವ್ವ.

"ಇಷ್ಟೇ."

ಅವಳು ಹಾಗೆಯೇ ನಿಂತಿದ್ದಳು. ಆಮೇಲೆ ನನ್ನ ಕೈಯನ್ನು ತಾನೇ ಬಿಡಿಸಿದಳು, ಒರಟಾಗಿ ಅಲ್ಲ, ಮೈಮೇಲೆ ಬಿದ್ದ ಎಳೆಯನ್ನು ತೆಗೆದಿಡುವ ಹಾಗೆ. ಗೂಡಿನಲ್ಲಿದ್ದ ಫೋನ್ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂತಳು. ಮೊಮ್ಮಗಳಿಗೆ ಮಾಡಿದ್ದು. "ಏನ್ ಮಗ, ಉಂಡ್ಯಾ? ಉಣ್ತಾ ಇದ್ಯಾ? ಉಣ್ಣು, ಉಣ್ಣು. ನಾನ್ ಮಾತಾಡ್ತಿರ್ತೀನಿ, ನೀನ್ ಉಣ್ಣು. ನಿಧಾನ್ವಾಗಿ ಅಗ್ದು ಉಣ್ಣು."

ಅವಳ ಮಾತು ಮುಗಿಯಲಿ ಎಂದು ನಾನು ಕಾದೆ. ಹಾಸ್ಟೆಲಿನ ಸಾರಿನ ಬಗ್ಗೆ, ಹುಡುಗಿಯ ತಲೆಗೂದಲ ಬಗ್ಗೆ, ಅಟ್ಟದಿಂದ ಇಳಿಸಬೇಕಾದ ಪೆಟ್ಟಿಗೆಯ ಬಗ್ಗೆ ಅವ್ವ ಮಾತಾಡುತ್ತಲೇ ಇದ್ದಳು. ಐದು ತಿಂಗಳ ಮಾತು ಅವಳಲ್ಲಿ ಉಳಿದಿತ್ತು. ನಾನು ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಹನೂರಿಗೆ ಹೊರಟೆ ಎಂದು ಬಾಗಿಲಿನಿಂದ ಹೇಳಿದೆ. ಅವ್ವ ಫೋನಿಗೆ ಹೂಂ ಎಂದಳೋ, ನನಗೆ ಹೂಂ ಎಂದಳೋ ತಿಳಿಯಲಿಲ್ಲ. ನನ್ನ ಕಡೆ ತಿರುಗಲಿಲ್ಲ.